ಅಮಾಸಿ ಆದ ಮ್ಯಾಲಿನ ಐತವಾರ

ಸಂಶಿಯ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ನನ್ನ ಕೈಗೆ ಗುರುತಿಲ್ಲದ ರೈತನೊಬ್ಬ ಕೋರ್ಟಿನ ಕಾಗದ ಕೊಟ್ಟ. "ಅಕ್ಕಾರ, ಸ್ವಲ್ಪ ಓದ್ರಿ. ತಿಂಗಳ ಮೊದಲನೇ ಐತವಾರ ಮಗಳನ್ನ ಇಲ್ಲಿ ತಂದು ತೋರಸಬೇಕಂತ ಐತಿ. ನಾಲ್ಕು ತಿಂಗಳಾತು, ಬಿಟ್ಟುಹೋದ ಹೇಣ್ತಿ ಈ ಕಡೆ ಸುಳದಿಲ್ರಿ. ಬರೇ ಮೋಸ!"

ಕಾಗದದಲ್ಲಿದ್ದದ್ದೂ ಅದೇ. ಆದರೆ ಅವತ್ತು ಮೂರನೇ ಐತವಾರ.

"ಮೊದಲನೇದು ಅಂತ ಹೆಂಗ ಎಣಸ್ತೀರಿ?" ಎಂದೆ.

"ಹೆಂಗಂದ್ರ? ಅಮಾಸಿ ಆದ ಮ್ಯಾಲ ಬರೂದು. ನಮ್ಮಪ್ಪನೂ ಹಂಗ ಎಣಸಾಂವ."

ಕೋರ್ಟಿನ ತಿಂಗಳು ಅಮಾವಾಸ್ಯೆಯನ್ನು ಕೇಳುವುದಿಲ್ಲ, ಒಂದನೇ ತಾರೀಖಿಗೆ ಶುರುವಾಗುತ್ತದೆ ಎಂದು ತಿಳಿಸಿ ಹೇಳಿದೆ. ಬಾಜೂ ಚಹಾದಂಗಡಿಯವ ಇಣುಕಿದ.

"ಅಯ್ಯ, ಆ ಕೂಸಿನ ಅಪ್ಪ ನೀನ ಏನೋ? ಆ ಹೆಣ್ಣಮಗಳು ಎರಡು ಸಲ ಕರಕೊಂಡು ಬಂದು ಸಂಜೀತನಕ ಇಲ್ಲೇ ಕುಂತಿದ್ಲು. ಮೂರನೇ ಸಲ ಕೂಸು ಬಸ್ ಇಳಿಯಾಕ ಒಲ್ಲೆ ಅಂತು."

ರೈತ ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಕಡೀಗೆ ಏನು ಬರದಾರ್ರಿ?" ಎಂದ. ತಂದೆ ಸತತ ಮೂರು ಸಲ ಬಾರದಿದ್ದರೆ ಭೇಟಿ ರದ್ದು ಎಂದಿತ್ತು. ಓದಿದೆ.

"ಬರೋಬ್ಬರಿ ಐತ್ರಿ," ಎಂದ. "ಬರಲಾರದ ಅಪ್ಪಗ ಮಗಳು ಯಾಕ ಬೇಕು?"

ಕೋರ್ಟಿನ ಮಾತನ್ನು ಇಷ್ಟು ಲಗೂ ಒಪ್ಪಿಕೊಂಡ ಇನ್ನೊಬ್ಬ ಕಕ್ಷಿದಾರನನ್ನು ನಾನಂತೂ ಕಂಡಿಲ್ಲ.