ಮಡಿಯಲ್ಲಿ ಬೆಂದ ಕಾಬ್ಲರ್

ಮೊನ್ನೆ ಹೈದರಾಬಾದಿನ ಕೊಂಡಾಪುರದ ಒಂದು ಫ್ಲ್ಯಾಟಿನ ಬಾಗಿಲು ತೆರೆಯುತ್ತಲೇ ಆ ವಾಸನೆ ಮೂಗಿಗೆ ಬಡಿಯಿತು. ಬೆಂದ ಮಾವಿನಹಣ್ಣು, ಕಾಯಿಸಿದ ತುಪ್ಪ, ಅವುಗಳ ಬೆನ್ನಿಗೇ ಬದನೀಕಾಯಿ ಪಲ್ಯಕ್ಕೆ ಹಾಕುವ ಮಸಾಲಿ ಪುಡಿ. ಈ ಮೂರೂ ಕೂಡಿದ ವಾಸನೆ ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ, ಇರಲೂಬಾರದು. ನನಗೆ ಮಾತ್ರ ಅದು ಬಂದರೆ ಸಾಕು... ಹಿಮಾಯತ್‌ನಗರದ ಆ ಹಳೇ ಮನೆ, ಅಡಿಗೆಮನೆಯ ಹೊಸ್ತಿಲು, ಒಳಗೆ ಮಡಿಸೀರೆ ಉಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತ ಕಾಕು, ಎಲ್ಲ ಕಣ್ಣ ಮುಂದೆ.

ಕಾಕು ಅಂದರೆ ನಮ್ಮ ಮನೆ ಮಾಲಕಿ. ಮೇಲೆ ಅವರು, ಕೆಳಗೆ ಬಾಡಿಗೆಗೆ ನಾವು. ಗುಲಬರ್ಗಾ ಕಡೆಯವರು. ಯಜಮಾನರು ಸರ್ಕಾರಿ ನೌಕರಿಯಲ್ಲಿದ್ದು ತೀರಿಕೊಂಡಿದ್ದರು, ಒಬ್ಬನೇ ಮಗ. ಆಗಿನ್ನೂ ಆಂಧ್ರ ಒಂದೇ ಇತ್ತು. ನಾನು ಬಾಗಲಕೋಟೆಯಿಂದ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ನೆಟ್ಟಗೆ ನಾಲ್ಕು ಮಾತು ತೆಲುಗು ಬರುತ್ತಿರಲಿಲ್ಲ, ಹಾಗಾಗಿ ನನ್ನ ಇಡೀ ಹೈದರಾಬಾದು ಅಂದರೆ ಕಾಕೂನೇ. ಬೈದರೂ ಅವರೇ, ಕರೆದು ಉಣ್ಣಿಸಿದರೂ ಅವರೇ.

ಆ ಮಗ ಸಿಕಂದರಾಬಾದಿನ ಕ್ರಿಶ್ಚಿಯನ್ ಹುಡುಗಿಯನ್ನು ಸದ್ದಿಲ್ಲದೆ ರಿಜಿಸ್ಟರ್ ಮದುವೆಯಾಗಿಬಿಟ್ಟ. ಕಾಕು ಅವನ ಹೆಸರೆತ್ತುವುದನ್ನೇ ಬಿಟ್ಟರು. ಅವನು ಬೇರೆ ಮನೆ ಮಾಡಿದ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಮೇಲಿನ ಮನೆಯಲ್ಲಿ ಒಂದು ಎಲೆಯಷ್ಟೇ ಬೀಳುತ್ತಿತ್ತು. ಬ್ಯಾಸಗಿ ಬಂತು. ಒಂದಿನ ಕಾಕು ಮೆಟ್ಟಿಲಿಳಿದು ಬಂದು, ಗೋಡೆ ಕಡೆ ಮುಖ ಮಾಡಿ ಕೂತರು.

"ಐತವಾರ ಅವನ್ನ ಊಟಕ್ಕ ಕರದೀನಿ. ಅಕೀನೂ ಬರ್ತಾಳ."

ನನಗೆ ಕುಣಿಯುವಷ್ಟು ಖುಷಿ. ಆದರೆ ಅವರ ಮುಖ ನೋಡಿ ನಗು ಅದುಮಿಕೊಂಡೆ.

"ಅಕಿ ಅಜ್ಜಿ ಮಾವಿನಹಣ್ಣಿಂದು ಏನೋ ಕಾಬ್ಲರ್ ಅಂತ ಮಾಡ್ತಿದ್ದಳಂತ. ಅಜ್ಜಿ ಸತ್ತ ಮ್ಯಾಲ ಅಕಿ ತಿಂದೇ ಇಲ್ಲಂತ. ನಿನ್ನ ಹತ್ರ ಆ ಡಬ್ಬಿ ಅದ ಅಲ್ಲ?"

ಡಬ್ಬಿ ಅಂದರೆ ನನ್ನ ಓವನ್. ಮದುವೆಯಲ್ಲಿ ಯಾರೋ ಆಹೇರಿ ಕೊಟ್ಟಿದ್ದು, ಗುಂಡನೆಯ ಅಲ್ಯುಮಿನಿಯಂ, ಮುಚ್ಚಳದಲ್ಲಿ ಗಾಜಿನ ಕಿಟಕಿ. ನಾನು ಹುಟ್ಟಿದಾಗಿನಿಂದ ಒಂದು ಬಿಸ್ಕೀಟೂ ಬೇಯಿಸಿದವಳಲ್ಲ. ಆದರೂ ಗತ್ತಿನಿಂದ, "ಅದೇನ್ರೀ ಕಾಕು, ಭಾಳ ಸಸಾರ. ಹಿಟ್ಟು ಕಲಸೂದು, ಮ್ಯಾಲ ಹಣ್ಣು ಸುರವೂದು, ಒಳಗ ಇಡೂದು. ತತ್ತಿ ಸುದ್ದಾ ಬೇಕಿಲ್ಲ" ಅಂದೆ. ಒಂದು ವಾರಪತ್ರಿಕೆಯಲ್ಲಿ ಓದಿದ್ದೆ, ಅಷ್ಟೇ ನನ್ನ ವಿದ್ಯೆ.

"ಅಕಿ ಸಲುವಾಗಿ ಅಂತ ತಿಳ್ಕೋಬ್ಯಾಡ. ದೇವರ ನೈವೇದ್ಯಕ್ಕ ಮಾಡೂದು" ಅಂದು ಕಾಕು ಎದ್ದುಹೋದರು. ನಮ್ಮ ದೇವರಿಗೆ ಕಾಬ್ಲರ್ ತಿನ್ನುವ ಆಸೆ ಯಾವಾಗ ಹುಟ್ಟಿತೋ ನಾನು ಕೇಳಲಿಲ್ಲ.

ಶನಿವಾರ ಓವನ್ ಮೇಲೆ ಒಯ್ದೆ. ಬಾಯಿ ಸುಮ್ಮನಿರಬೇಕಲ್ಲ, ಇಷ್ಟು ದಿನ ಅದರಲ್ಲಿ ಉಳ್ಳಾಗಡ್ಡಿ ಇಡುತ್ತಿದ್ದೆ ಅಂದುಬಿಟ್ಟೆ. ಕಾಕು "ರಾಮ ರಾಮ!" ಅಂದವರೇ ಅದನ್ನು ಬಚ್ಚಲಕ್ಕೆ ಒಯ್ದು, ಹುಣಸೇಹಣ್ಣು ಹಚ್ಚಿ ತಿಕ್ಕಿ, ಮೇಲೆ ಒಂದು ಬಕೀಟು ನೀರು ಸುರಿದರು. "ಕರೆಂಟಿನ ಸಾಮಾನು ರೀ!" ಅಂತ ನಾನು ಚೀರುವುದರೊಳಗೆ ಇನ್ನೊಂದು ಬಕೀಟು. ಆಮೇಲೆ ಇಡೀ ದಿನ ಅದು ಮಾಳಿಗೆ ಮೇಲೆ ಸಂಡಿಗೆ ಜೊತೆ ಒಣಗಿತು. ಮರುದಿನ ಕಾಕು ಸ್ವಿಚ್ ಹಾಕುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೈದರಾಬಾದಿನ ಬಿಸಿಲು ದೊಡ್ಡದು, ಓವನ್ ಬದುಕಿತ್ತು.

ಐತವಾರ ಕಾಕು ಮಡಿಯಲ್ಲಿ, ನಾನು ಮೈಲಿಗೆಯಲ್ಲಿ. ಹೊಸ್ತಿಲಾಚೆ ನಿಂತು ನಾನು ಹೇಳುವುದು, ಒಳಗೆ ಅವರು ಮಾಡುವುದು. ಬೇಕಿಂಗ್ ಪೌಡರ್ ಅಂದಾಗ, "ಎಲುಬಿನ ಪುಡಿ ಅಲ್ಲ, ಹೌದಿಲ್ಲೋ?" ಅಂತ ದೇವರ ಮೇಲೆ ಆಣೆ ಮಾಡಿಸಿಕೊಂಡರು. ಬೇನಿಶಾನ್ ಮಾವಿನಹಣ್ಣು ಹೆಚ್ಚಿ ಹಾಕಿದ ಮೇಲೆ ಕೈಯಾಡಿಸಬಾರದು ಅಂದರೆ ಅವರಿಗೆ ತಡೆಯಲಾಗಲಿಲ್ಲ. "ಕೈಯಾಡಸಲಿಲ್ಲಂದ್ರ ತಳಾ ಹತ್ತತದ, ನಿನ್ನ ತಲಿ!" ಅಂತ ಶಿರಾ ತಿರುವಿದ ಹಾಗೆ ತಿರುವಿಯೇಬಿಟ್ಟರು.

"ಇನ್ನ ಮ್ಯಾಲ ಒಂಚೂರು ದಾಲ್ಚಿನ್ನಿ ಪುಡಿ ಉದುರಸ್ರಿ."

ಕಾಕು ಮಡಿಯಲ್ಲಿ ಚಸ್ಮಾ ಹಾಕಿಕೊಳ್ಳುತ್ತಿರಲಿಲ್ಲ. ನೈವೇದ್ಯ ಆಗುವ ತನಕ ರುಚಿ ನೋಡುವ ಮಾತು ದೂರ, ಮೂಸಿ ನೋಡುವುದೂ ನಿಷಿದ್ಧ. ಕಟ್ಟೆಯ ಮೇಲೆ ಒಂದೇ ಥರದ ಬಾಟಲಿಗಳು, ಒಳಗೆ ಒಂದೇ ಬಣ್ಣದ ಪುಡಿಗಳು. ಅವರು ಧಾರಾಳವಾಗಿ ಉದುರಿಸಿದರು. ಮಸಾಲೆಯ ಘಮ ಬಂತು. ಬದಿಯ ಒಲೆಯ ಮೇಲೆ ಬದನೀಕಾಯಿ ಪಲ್ಯ ಕುದಿಯುತ್ತಿತ್ತಲ್ಲ, ಅದರದೇ ಅಂದುಕೊಂಡೆ. ಕಾಕು ಆಮೇಲೆ ಮಣೆ ಹಾಕಿಕೊಂಡು ಗಾಜಿನ ಕಿಟಕಿಯ ಮುಂದೆಯೇ ಕೂತರು. "ಉಬ್ಬಲಿಕ್ಹತ್ತದ ನೋಡು" ಅಂದಾಗ ಅವರ ದನಿ ನಡುಗುತ್ತಿತ್ತು. ದೇವರಿಗಾಗಿ ಯಾರಾದರೂ ಅಷ್ಟು ಹೆದರುತ್ತಾರೆಯೇ?

ನೈವೇದ್ಯ ಆಯಿತು. ಮಗ, ಸೊಸೆ ಬಂದರು. ಹುಡುಗಿ ರೇಷ್ಮೆ ಸೀರೆ ಉಟ್ಟಿದ್ದಳು, ನಿರಿಗೆಗಳು ಎಲ್ಲಾ ಕಡೆ ಓಡಿಹೋಗುತ್ತಿದ್ದವು. ಕಾಕು ಆಕೆಯ ಮುಖ ನೋಡಲಿಲ್ಲ. ನಮ್ಮ ಮೂವರ ಎಲೆಗೂ ಮೇಲಿನಿಂದಲೇ ಬಡಿಸಿದರು. ಕಾಬ್ಲರ್ ಬಡಿಸಿದಾಗ ಮಾತ್ರ ಅಲ್ಲೇ ನಿಂತರು. ಆಕೆಗೆ ಕನ್ನಡ ಬಾರದು, "ಖಾವೋ" ಅಂದರು.

ಹುಡುಗಿ ದೊಡ್ಡ ತುತ್ತೇ ಬಾಯಿಗಿಟ್ಟಳು. ಮುಖ ಕೆಂಪಾಯಿತು, ಕಣ್ಣಿಂದ ದಳದಳ ನೀರು. "ಅಜ್ಜಿ ನೆನಪಾತು ಕಾಣಸ್ತದ ಪಾಪ..." ಅಂತ ಕಾಕು ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅಳುವುದಕ್ಕೆ ತಯಾರಾಗಿ ಒಂದು ತುತ್ತು ಬಾಯಿಗೆ ಹಾಕಿಕೊಂಡೆ. ಅಬ್ಬಾ! ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಎಳ್ಳು, ಒಣಕೊಬ್ಬರಿ, ಎಲ್ಲದರ ನಡುವೆ ಸಿಹಿ ಮಾವಿನಹಣ್ಣು. ಮಗ "ಅವ್ವಾ, ಇದೇನ..." ಅಂತ ಬಾಯಿ ತೆಗೆದ. ಹುಡುಗಿ ಎಲೆಯ ಕೆಳಗಿಂದ ಅವನ ತೊಡೆ ಚಿವುಟಿದ್ದು ನನಗೆ ಸರಿಯಾಗಿ ಕಾಣಿಸಿತು. ಅವನು ತೆಪ್ಪಗೆ ನುಂಗಿದ. ಆಕೆ ಮೂಗು ಒರೆಸಿಕೊಂಡು ಕೇಳಿದಳು: "ಔರ್ ಥೋಡಾ ಹೈ ಕ್ಯಾ, ಅಮ್ಮಾ?"

ಕಾಕು ಹಿಗ್ಗಿ ಹೀರೇಕಾಯಿಯಾಗಿ ಇನ್ನಷ್ಟು ಬಡಿಸಿದರು.

ಎಲ್ಲರದಾದ ಮೇಲೆ ಕಾಕು ಒಳಗೆ ಒಬ್ಬರೇ ಎಲೆ ಹಾಕಿಕೊಂಡರು. ನಾವು ಮೂವರೂ ಹೊರಗೆ ಕಿವಿ ಕೊಟ್ಟು ಕೂತೆವು. ಎಂಜಲು ಕೈಯಲ್ಲೇ ಕಾಕು ಬಾಗಿಲಿಗೆ ಬಂದರು, ಎಡಗೈಯಲ್ಲಿ ಸಕ್ಕರೆ ಡಬ್ಬಿ.

"ಹುಚ್ಚಿ! ಬಾಯಿಬಿಟ್ಟು ಹೇಳಬಾರದೇನ? ಎರಡೆರಡು ಸಲ ಯಾಕ ತಿಂದಿ?"

ಹುಡುಗಿಗೆ ಮಾತು ತಿಳಿಯಲಿಲ್ಲ, ಅರ್ಥ ತಿಳಿಯಿತು. "ಪ್ರಸಾದ್ ಹೈ ನಾ, ಅಮ್ಮಾ. ಆಪ್ ನೇ ಬನಾಯಾ..."

ಕಾಕು ಕೈ ತೊಳೆದು, ಒಂದು ಮುಷ್ಟಿ ಸಕ್ಕರೆ ಆಕೆಯ ಬಾಯಿಗೆ ತಾವೇ ಹಾಕಿದರು. ಮಡಿಸೀರೆಯ ಸೆರಗಿನಿಂದಲೇ ಆಕೆಯ ಮುಖ ಒರೆಸಿದರು. "ಕಾಕು, ಮಡಿ!" ಅಂದೆ ನಾನು.

"ಹೋತು. ಹೋಗ್ಲಿ ಬಿಡು" ಅಂದರು. ಅವರ ಊಟ ಅವತ್ತು ಅಷ್ಟಕ್ಕೇ ನಿಂತಿತು. ಸಂಜೆಗೆ ಮಗನ ಸಾಮಾನು ಆಟೋದಲ್ಲಿ ವಾಪಸು ಬಂತು.

ಕಾಕು ಹೋಗಿ ವರ್ಷಗಳಾದವು. ಆ ಮನೆಯಿದ್ದ ಜಾಗದಲ್ಲಿ ಈಗ ಬಟ್ಟೆ ಅಂಗಡಿ. ಕೊಂಡಾಪುರದ ಫ್ಲ್ಯಾಟು ಆ ಹುಡುಗಿಯದು. ಈಗ ಆಕೆಗೂ ತಲೆ ನರೆತಿದೆ, ಕನ್ನಡ ನನಗಿಂತ ಜೋರು. ಪ್ರತಿ ಬೇನಿಶಾನ್ ಹಂಗಾಮಿನಲ್ಲೂ ಬೇಕೆಂದೇ ಮಸಾಲಿ ಹಾಕಿ ಅದೇ ಕಾಬ್ಲರ್ ಮಾಡುತ್ತಾಳೆ, ನನ್ನನ್ನು ಕರೆಯುತ್ತಾಳೆ. ಅದರ ರುಚಿ ಇನ್ನೂ ಸುಧಾರಿಸಿಲ್ಲ, ತಿನ್ನಲಿಕ್ಕೆ ಧೈರ್ಯ ಬೇಕು.

ಮೊನ್ನೆ ತುತ್ತು ಬಾಯಿಗಿಟ್ಟೆ. ಎಲೆಯ ಮುಂದೆ ನಿಂತು "ಖಾವೋ" ಅನ್ನುವವರು ಇರಲಿಲ್ಲ. ಕಾಕು ಇಲ್ಲದ ಈ ಊರು ನನಗೆ ಇವತ್ತಿಗೂ ರೂಢಿಯಾಗಿಲ್ಲ. ಕಣ್ಣು ತುಂಬಿಬಂದವು.

"ಯಾಕ್ರೀ, ಈ ಸಲ ಖಾರ ಭಾಳ ಆತೇನು?" ಅಂತ ಆಕೆ ಸಕ್ಕರೆ ಡಬ್ಬಿ ಮುಂದೆ ತಂದಳು.

"ಹೂಂನವ್ವಾ, ಖಾರ ಭಾಳ ಆಗ್ಯದ" ಅಂದೆ.