ಕ್ಯಾರಿಯರ್ ಮುಚ್ಚಬ್ಯಾಡ್ರಿ

ಮೊನ್ನೆ ದಸರೆಯ ಮುಂಚೆ ಮನೆ ಸ್ವಚ್ಛ ಮಾಡುವಾಗ ನನ್ನ ಹೆಂಡತಿ ಹಳೆಯ ಟ್ರಂಕಿನ ತಳದಿಂದ ಬಟ್ಟೆ ಸುತ್ತಿದ ಒಂದು ಉಂಡೆಯನ್ನು ತೆಗೆದು ಪಡಸಾಲೆಗೆ ತಂದಳು. ನಾನು ಪೇಪರು ಓದುತ್ತ ಕೂತಿದ್ದೆ. ಮೊದಲು ವಾಸನೆ ಬಂತು... ತುಕ್ಕು, ಕೊಬ್ಬರಿ ಎಣ್ಣೆ, ಮಡಿಕೆಯಲ್ಲೇ ಹಳತಾದ ನೂಲಿನ ಸೀರೆ. ಇದು ಎಲ್ಲಿಯ ವಾಸನೆ ಎಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಅವಳು ಉಂಡೆಯ ಬಟ್ಟೆ ಬಿಚ್ಚಿಯಾಗಿತ್ತು. ಟ್ರಿಣ್, ಟ್ರಿಣ್. ಎರಡು ಸಲ.

ನಾನು ಕುರ್ಚಿಯಿಂದ ಎದ್ದು ಗೋಡೆಗೆ ಸರಿದು ನಿಂತುಬಿಟ್ಟೆ, ಯಾರಿಗೋ ದಾರಿ ಬಿಡುವವನ ಹಾಗೆ.

"ಸೈಕಲ್ ಗಂಟಿಗೆ ಹಿಂಗ ಯಾರರ ಹೆದರ್ತಾರೇನ್ರಿ?" ಎಂದು ನಕ್ಕಳು. "ಇಷ್ಟು ಬಿಗಿ ಕಟ್ಟಿ ಯಾಕ ಇಟ್ಟೀರಿ ಇದನ್ನ?"

ಅವಳಿಗೆ ಗೊತ್ತಿರಲಿಲ್ಲ. ಅವಳು ನಮ್ಮ ಮನೆ ತುಂಬುವ ಮೊದಲೇ ಆದ ಸಂಗತಿ. ಗಂಟೆಯನ್ನು ಅವಳ ಕೈಯಿಂದ ಇಸಿದುಕೊಂಡೆ. ಸದ್ದು ಪೂರಾ ಅಡಗುವ ತನಕ ಅಂಗೈಯಲ್ಲಿ ಹಿಡಿದುಕೊಂಡೇ ಇದ್ದೆ.

ಆಗ ನಾವು ಮಾನ್ವಿಯಲ್ಲಿದ್ದೆವು. ನಮ್ಮ ಮನೆಗೂ ಗಬ್ಬೂರ ಕಾಕಾನ ಮನೆಗೂ ಒಂದೇ ಗೋಡೆ. ರಕ್ತಸಂಬಂಧವೇನೂ ಇಲ್ಲ. ಗಬ್ಬೂರಿನಿಂದ ಬಂದು ನೆಲೆಸಿದ ಶಾಲಾ ಮಾಸ್ತರು, ಓಣಿಗೆಲ್ಲ ಕಾಕಾ. ಅವರ ಹೆಂಡತಿ ನಮಗೆಲ್ಲ ಕಾಕು. ಒಬ್ಬಳೇ ಮಗಳು, ದೇವದುರ್ಗಕ್ಕೆ ಕೊಟ್ಟಿದ್ದರು. ಇನ್ನು ಆ ಮನೆಯಲ್ಲಿ ಉಳಿದವರೆಂದರೆ ಅವರಿಬ್ಬರು ಮತ್ತು ಸೈಕಲ್ಲು. ಎತ್ತರದ ಕರಿಯ ಸೈಕಲ್ಲು ಅದು, ಸಣ್ಣವರ ಕಾಲಿಗೆ ಪೆಡಲು ಎಟುಕುವಂಥದಲ್ಲ. ಹಿಂದೆ ಅಗಲವಾದ ಕ್ಯಾರಿಯರ್, ಅದರ ಮೇಲೆ ಕಾಕು ತಮ್ಮ ಹಳೆಯ ಸೀರೆಯನ್ನು ಮಡಚಿ ಹೊಲಿದ ಮೆತ್ತೆ.

ಕಾಕುಗೆ ಬಸ್ಸು ಆಗಿಬರುತ್ತಿರಲಿಲ್ಲ. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಬಸ್‌ಸ್ಟ್ಯಾಂಡ್ ದಾಟುವ ಮೊದಲೇ ವಾಂತಿ. ಹೀಗಾಗಿ ಸಂತೆಗೆ, ಮದುವೆಗೆ, ಮಗಳ ಬಾಣಂತನಕ್ಕೆ, ಎಲ್ಲದಕ್ಕೂ ಕ್ಯಾರಿಯರ್ರೇ ಗತಿ. ಸಿರವಾರದಲ್ಲಿ ಪರಿಚಯದವರ ಮನೆಯಲ್ಲಿ ಒಂದು ವಸತಿ ಮಾಡಿ ದೇವದುರ್ಗ ಮುಟ್ಟುತ್ತಿದ್ದರು.

ಕಾಕಾ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಸೀಟಿನ ಮೇಲೆ ಕೂತು, ಒಂದು ಕಾಲು ನೆಲಕ್ಕೆ ಊರಿ, ಗಂಟೆಯನ್ನು ಎರಡು ಸಲ ಬಾರಿಸುವರು. ಕಾಕು ಮೆತ್ತೆಯ ಮೇಲೆ ಅಡ್ಡ ಕೂತು, ಸೆರಗು ಸರಿಮಾಡಿಕೊಂಡು, "ಹ್ಞೂಂ" ಅನ್ನುವರು. ಆ ಹ್ಞೂಂ ಬಿದ್ದ ಮೇಲೆಯೇ ಕಾಕಾ ಪೆಡಲು ತುಳಿಯುವುದು. ಒಮ್ಮೆ ಯಾವುದೋ ಮಾತಿಗೆ ಸಿಟ್ಟಾಗಿ ಕಾಕು ಕ್ಯಾರಿಯರ್ ಮೇಲೆ ಕೂತರು ನಿಜ, ಹ್ಞೂಂ ಮಾತ್ರ ಅನ್ನಲಿಲ್ಲ. ಕಾಕಾ ಒಂಟಿಗಾಲಿನಲ್ಲಿ ಹಾಗೇ ನಿಂತರು. ಓಣಿಯೆಲ್ಲ ಬಾಗಿಲಿಗೆ ಬಂತು. ಕೊನೆಗೆ ನಮ್ಮವ್ವನೇ ಹೋಗಿ, "ಒಂದ್ ಹ್ಞೂಂ ಅಂದ್ಬಿಡ್ರಿ ವೈನಿ, ಅವರ ಕಾಲು ಮರಗಟ್ಟಿ ಹೋಗ್ಯಾವ" ಎಂದು ಬೇಡಿಕೊಂಡಳು. ಕಾಕು ನಕ್ಕರು, ನಗುತ್ತಲೇ ಹ್ಞೂಂ ಅಂದರು. ಸೈಕಲ್ಲು ಹೊರಟಿತು.

ಅಂಥ ಕಾಕು ಒಂದು ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡರು. ಮಲಗಿದಲ್ಲಿಂದಲೇ ಒಮ್ಮೆ ಚೇಷ್ಟೆ ಮಾಡಿದ್ದರಂತೆ: "ನನ್ನ ಪ್ರಯಾಗಕ್ಕ ಒಯ್ಯೂದಾದ್ರ ಬಸ್ಸಿನ್ಯಾಗ ಹಾಕಬ್ಯಾಡ್ರಿ. ಅಲ್ಲೀತನಾ ವಾಂತಿ ಮಾಡ್ಕೋತ ಹೋಗಬೇಕಾಗ್ತದ." ಎಲ್ಲರೂ ಅದನ್ನು ಚೇಷ್ಟೆ ಎಂದೇ ತಿಳಿದರು. ಕಾಕಾ ಒಬ್ಬರು ತಿಳಿಯಲಿಲ್ಲ.

ಅಸ್ಥಿಯನ್ನು ಪ್ರಯಾಗಕ್ಕೆ ಒಯ್ಯುತ್ತೇನೆ, ಸೈಕಲ್ಲೂ ಸಂಗಡ ಬರುತ್ತದೆ ಎಂದರು. ಓಣಿಯವರು ತಿಳಿಹೇಳಿದರು: ರೈಲಿನಲ್ಲಿ ಅಂಥ ವಾಸನೆ ಇರುವುದಿಲ್ಲ, ಅಲ್ಲಿ ಇಳಿದರೆ ರಿಕ್ಷಾ ಬೇಕಾದಷ್ಟು ಸಿಗುತ್ತವೆ, ಅಷ್ಟು ದೊಡ್ಡ ಸೈಕಲ್ಲನ್ನು ಎರಡು ರೈಲು ಹತ್ತಿಸಿ ಯಾಕೆ ಒಯ್ಯುತ್ತೀರಿ. ಕಾಕಾ ಜಗಳ ಮಾಡಲಿಲ್ಲ.

"ಆಕಿ ನನ್ನ ಹುಡುಕೂದು ಸೈಕಲ್ ಗುರುತಿನ ಮ್ಯಾಲ" ಎಂದರು. "ಸೈಕಲ್ ಇಲ್ಲಂದ್ರ ಅಷ್ಟು ಮಂದ್ಯಾಗ ಎಲ್ಲಿ ಅಂತ ಹುಡುಕ್ಯಾಳು?"

ನನಗೆ ಹಿಂದಿ ಬರುತ್ತದೆ ಎಂದು ನನ್ನನ್ನು ಜೊತೆ ಮಾಡಿದರು. ನಮ್ಮ ರಾಯಚೂರು ಕಡೆಯ ಹಿಂದಿ ಅಲ್ಲಿ ಎಷ್ಟು ನಡೆಯುತ್ತದೆ ಎನ್ನುವುದು ಹೋದ ಮೇಲೆ ಗೊತ್ತಾಯಿತು, ಆ ಮಾತು ಬೇರೆ.

ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಅಸ್ಥಿಯ ಗಡಿಗೆಯನ್ನು ದಾರಿಯಲ್ಲಿ ನೆಲಕ್ಕೆ ಇಡಬಾರದು. ಪ್ರತಿ ತಿರುವಿನಲ್ಲಿ, ಪ್ರತಿ ಹೊಳೆಯ ಮೇಲೆ, ಹೋದವರಿಗೆ ಹೇಳಬೇಕು, ಇಲ್ಲಿ ತಿರುಗುತ್ತೇವೆ, ಇಲ್ಲಿ ದಾಟುತ್ತೇವೆ, ಬಾ ಎಂದು. ಹೇಳದಿದ್ದರೆ ಅವರು ಅಲ್ಲಿಯೇ ಉಳಿದುಬಿಡುತ್ತಾರೆ. ನೀರಿಗೆ ಬಿಟ್ಟ ಮೇಲೆ ಮಾತ್ರ ಹಿಂದೆ ನೋಡಬಾರದು, ಕರೆಯಬಾರದು. ಕರೆದರೆ ಎದ್ದು ಬಂದುಬಿಡುತ್ತಾರೆ, ನೆಲೆ ಮುಟ್ಟಿದ ಜೀವ ಮತ್ತೆ ದಾರಿಗೆ ಬೀಳುತ್ತದೆ.

ನಾನು ಬಸ್ಸಿಗೆ ರಾಯಚೂರಿಗೆ ಹೋಗಿ ಸ್ಟೇಶನ್ನಿನಲ್ಲಿ ಕಾದೆ. ಕಾಕಾ ಬೆಳಕು ಹರಿಯುವ ಮೊದಲೇ ಗಡಿಗೆಯನ್ನು ಮೆತ್ತೆಯ ಮೇಲೆ ಕಟ್ಟಿಕೊಂಡು ಹೊರಟು, ಕಲ್ಲೂರು ದಾಟಿ, ಬಿಸಿಲು ಏರಿದ ಮೇಲೆ ಬಂದು ಮುಟ್ಟಿದರು. ಪಾರ್ಸಲ್ ಆಫೀಸಿನ ಮುಂದೆ ಹಮಾಲನೊಬ್ಬ ಸೈಕಲ್ಲನ್ನು ಮಲಗಿಸಿ ಹ್ಯಾಂಡಲ್ ಓರೆ ಮಾಡಿದ, ಪೆಡಲು ಬಿಚ್ಚಿದ, ಗೋಣಿತಟ್ಟು ಸುತ್ತಿ ಸುತಳಿಯಿಂದ ಬಿಗಿಯತೊಡಗಿದ. ಗಡಿಗೆ ಈಗ ಕಾಕಾನ ಹೆಗಲಿನ ಚೀಲದಲ್ಲಿ ತೂಗುತ್ತಿತ್ತು.

"ಎಲ್ಲಾ ಸುತ್ತರಿ, ಕ್ಯಾರಿಯರ್ ಒಂದು ಮುಚ್ಚಬ್ಯಾಡ್ರಿ" ಎಂದರು ಕಾಕಾ.

"ಬರೇ ಕ್ಯಾರಿಯರ್ ಗಾಳಿಗೆ ಬಿಟ್ಟು ಏನ್ ಮಾಡ್ತೀರಿ ಮಾಸ್ತರ?" ಎಂದು ಹಮಾಲ ನಕ್ಕ. "ಯಾರರ ಕೂಡವರದಾರೇನು?"

"ನಮ್ಮ ಮನಿಯವರು."

ಅವನು ಇನ್ನೂ ನಗುತ್ತಲೇ ತಲೆ ಎತ್ತಿದ. ಹೆಗಲಿನ ಚೀಲ ಕಂಡಿತು. ತಲೆಗೆ ಸುತ್ತಿದ ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಕ್ಯಾರಿಯರ್ ಬಿಟ್ಟು ಉಳಿದದ್ದನ್ನೆಲ್ಲ ಹೊಲಿದ. ಸೈಕಲ್ಲನ್ನು ಗಾಡಿಯ ಕೊನೆಯ ಬ್ರೇಕ್ ವ್ಯಾನಿನಲ್ಲಿ ಏರಿಸಿದಾಗ ಎಲ್ಲ ಸಾಮಾನಿನ ಮೇಲೆ ಇಟ್ಟ, ಕ್ಯಾರಿಯರ್ ಮೇಲೆ ಏನೂ ಬೀಳದ ಹಾಗೆ.

ನಮ್ಮ ಡಬ್ಬಿಯಲ್ಲಿ ಕಾಕಾ ಗಡಿಗೆಯ ಚೀಲವನ್ನು ಕಿಟಕಿಯ ಬದಿಯ ಕೊಂಡಿಗೆ ತೂಗುಹಾಕಿದರು. ಗಾಡಿ ಸ್ವಲ್ಪ ಹೆಚ್ಚು ಹೊತ್ತು ನಿಂತ ಕಡೆಯಲ್ಲೆಲ್ಲ ಇಳಿದು ಬ್ರೇಕ್ ವ್ಯಾನಿನ ತನಕ ಓಡುವರು, ಬಂದು "ಅದ" ಎಂದಷ್ಟೇ ಹೇಳಿ ಕೂಡುವರು. ರಾಯಚೂರು ಬಿಟ್ಟ ಸ್ವಲ್ಪ ಹೊತ್ತಿಗೇ ಸೇತುವೆಯ ಸದ್ದು ಶುರುವಾಯಿತು. ಕಾಕಾ ಕಿಟಕಿಗೆ ಬಾಯಿ ಹಚ್ಚಿ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ, "ಕೃಷ್ಣಿ ಬಂತು ನೋಡು. ದಾಟಾಕತ್ತೀವಿ. ಗಟ್ಟಿ ಹಿಡ್ಕೋ" ಎಂದರು. ಭೀಮೆಯಲ್ಲೂ ಹಾಗೇ. ಎದುರಿಗೆ ಕೂತಿದ್ದ ಹೆಣ್ಣುಮಗಳೊಬ್ಬಳು ಎದ್ದು ಬೇರೆ ಕಡೆ ಹೋಗಿ ಕೂತಳು. ಆದರೆ ಗೋದಾವರಿ ಬರುವ ಹೊತ್ತಿಗೆ ಉಳಿದವರಿಗೆಲ್ಲ ವಿಷಯ ತಿಳಿದಿತ್ತು. ತಾಪಿಯ ಮೇಲೆ ಯಾರೋ ತಾವಾಗಿಯೇ ಕಿಟಕಿಯ ಬಾಗಿಲನ್ನು ಎತ್ತಿ ಹಿಡಿದರು.

ಇಟಾರ್ಸಿಯಲ್ಲಿ ಸೈಕಲ್ಲು ಇಳಿಸಿಕೊಂಡು ಮುಂದಿನ ಗಾಡಿಗೆ ಮತ್ತೆ ಬುಕ್ ಮಾಡಿದೆವು. ಆ ಗಾಡಿ ಬರುವ ತನಕ ಕಾಕಾ ಪ್ಲಾಟ್‌ಫಾರ್ಮಿನಲ್ಲಿ ಸೈಕಲ್ಲಿನ ಮಗ್ಗುಲಲ್ಲೇ ನಿಂತಿದ್ದರು. ಕೂಡ್ರಿ ಎಂದರೆ ಕೂಡಲಿಲ್ಲ.

ಪ್ರಯಾಗದಲ್ಲಿ ಗೋಣಿ ಬಿಚ್ಚಿ, ಪೆಡಲು ಹಾಕಿಸಿ, ಗಾಳಿ ಹೊಡೆಸಿ, ಗಡಿಗೆಯನ್ನು ಮೆತ್ತೆಯ ಮೇಲೆ ಕಟ್ಟಿದರು. ನಾನು ಹಿಂದೆ ಸೈಕಲ್ ರಿಕ್ಷಾದಲ್ಲಿ ಕೂತಿದ್ದೆ. ಕಾಕಾ ಸೀಟಿಗೇರಿ, ಒಂದು ಕಾಲು ನೆಲಕ್ಕೆ ಊರಿ, ಎರಡು ಸಲ ಗಂಟೆ ಬಾರಿಸಿದರು. ಕಾದರು. ಹಿಂದಿನ ಗಾಡಿಗಳವರು ಕೂಗಾಡಿದರೂ ಕಾದರು. ನನಗಂತೂ ಏನೂ ಕೇಳಿಸಲಿಲ್ಲ... ಅವರು ಏನೋ ಕೇಳಿಸಿದವರ ಹಾಗೆ ತಲೆದೂಗಿ ಪೆಡಲು ತುಳಿದರು.

ಸಂಗಮದಲ್ಲಿ ದೋಣಿಯಲ್ಲಿ ಹೋಗಿ ಆಗಬೇಕಾದದ್ದನ್ನೆಲ್ಲ ಮಾಡಿದರು. ಗಡಿಗೆ ನೀರಿಗೆ ಬಿಟ್ಟ ಮೇಲೆ ಹಿಂದೆ ನೋಡಲಿಲ್ಲ, ಕರೆಯಲಿಲ್ಲ, ಕಣ್ಣೀರು ಸಹ ದಂಡೆಗೆ ಬರುವ ತನಕ ತಡೆದುಕೊಂಡಿದ್ದರು. ಒದ್ದೆ ಧೋತರದಲ್ಲೇ ನಡೆದು ಬಂದು, ಸೈಕಲ್ಲಿನ ಸ್ಟ್ಯಾಂಡ್ ತೆಗೆದು, ಸೀಟಿಗೇರಿ, ಒಂದು ಕಾಲು ಊರಿದರು. ಮತ್ತೆ ಅವರ ಹೆಬ್ಬೆರಳು, ಜೀವಮಾನವಿಡೀ ಮಾಡಿದ್ದನ್ನೇ ಮಾಡಿತು.

ಟ್ರಿಣ್, ಟ್ರಿಣ್.

ಕಾಕಾನ ಮುಖದ ಬಣ್ಣ ಹೋಯಿತು. ಬಾರಿಸಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. ಹಿಂದೆ ನೋಡುವಂತಿಲ್ಲ. ಹಾಗೇ ನಿಂತರು... ಆಮೇಲೆ ಮೆಲ್ಲಗೆ ಇಳಿದು ಸೈಕಲ್ಲನ್ನು ನಡೆಸಿಕೊಂಡು ಹೊರಟರು. ತಗ್ಗು ಬಂದರೆ ಹಿಂದಿನ ಗಾಲಿ ಕುಕ್ಕದ ಹಾಗೆ ಕ್ಯಾರಿಯರ್ ಹಿಡಿದು ಇಳಿಸುತ್ತಿದ್ದರು. ಸ್ಟೇಶನ್ನಿನಲ್ಲಿ ಗೋಣಿ ಸುತ್ತುವವನಿಗೆ ತಮ್ಮ ಹರಕು ಹಿಂದಿಯಲ್ಲಿ, ರಾಯಚೂರಿನಲ್ಲಿ ಅಂದ ಹಾಗೆಯೇ, "ಕ್ಯಾರಿಯರ್ ಮತ್ ಢಾಂಕೋ ಭಯ್ಯಾ" ಎಂದರು. ಆ ಎರಡು ಗಂಟೆ ಕಾಕುವನ್ನು ಕರೆದಂತಾಗಿತ್ತು ಎಂದು ನನಗೆ ಆಗ ಹೊಳೆಯಿತು.

ತಿರುಗಿ ಬರುವಾಗ ಕಾಕಾ ಒಂದು ಹೊಳೆಯ ಮೇಲೂ ಬಾಯಿ ತೆರೆಯಲಿಲ್ಲ. ನರ್ಮದೆ ಬಂತು, ಹಲ್ಲು ಕಚ್ಚಿ ಕೂತರು. ತಾಪಿ ಬಂತು, ಧೋತರದ ಚುಂಗನ್ನು ಬಾಯಿಗೆ ಒತ್ತಿಕೊಂಡರು. ಕರೆಯದಿದ್ದರೆ ಅವಳು ದಾಟಲಾರಳು, ದಾಟದಿದ್ದರೆ ಗಂಗೆಗೆ ಹಿಂದಿರುಗಿಯಾಳು, ಅದೊಂದೇ ಆಸೆ ಅವರಿಗೆ. ಕೃಷ್ಣೆಯ ಮೇಲೆ ಬಂದಾಗ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಮಾತ್ರ ನಡುಗುತ್ತಿತ್ತು. ಏನಾದರೂ ಅಂದರೋ ಇಲ್ಲವೋ, ಸೇತುವೆಯ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.

ರಾಯಚೂರಿನಲ್ಲಿ ಗಾಡಿ ನಿಲ್ಲುವುದು ಸ್ವಲ್ಪ ಹೊತ್ತು. ನಾವು ಓಡಿ ಬ್ರೇಕ್ ವ್ಯಾನಿಗೆ ಹೋದರೆ ಸೈಕಲ್ಲಿನ ಮುಂದೆ ಯಾರದೋ ಬುಟ್ಟಿಗಳ ರಾಶಿ. ಹಮಾಲ ಬುಟ್ಟಿ ಸರಿಸುವಷ್ಟರಲ್ಲಿ ಸೀಟಿ ಹೊಡೆಯಿತು. ಮುಂದಿನ ಗಾಲಿ ನನ್ನ ಕೈಗೆ ಬಂತು, ಹಿಂದಿನದನ್ನು ಅವನು ಎದೆಗೆ ಆನಿಸಿ ಇಳಿಸಿದ. ಗಾಡಿ ಹೊರಟೇಬಿಟ್ಟಿತು. ಬೇರೆಯ ಹಮಾಲ ಅವನು, ನಮ್ಮ ಕಥೆ ಏನೂ ತಿಳಿಯದವನು. ಬೆವರು ಒರೆಸಿಕೊಳ್ಳುತ್ತ, "ಹಿಂದ ಏನ್ ಕಟ್ಟೀರ್ರಿ ಯಜಮಾನ್ರ? ಮುಂದ ಹಗುರ ಅದ, ಹಿಂದ ಹೆಣಭಾರ ಆಗ್ಯದಲ್ರಿ" ಎಂದ.

ಬರಿದಾದ ಕ್ಯಾರಿಯರ್ ನಮ್ಮ ಮುಂದೆಯೇ ಇತ್ತು. ನಾನು ಕಾಕಾನ ಮುಖ ನೋಡಿದೆ. ತಪ್ಪು ಮಾಡಿದವನ ಮುಖ ಅದು. ಆದರೆ ಅದರ ಅಡಿಯಲ್ಲಿ, ಯಾರಿಗೂ ಕಾಣಬಾರದೆಂದು ಒತ್ತಿ ಹಿಡಿದ ಒಂದು ನಗು ಇತ್ತು. ಆ ನಗುವಿಗೆ ನಾನು ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ.

ಆಮೇಲೆ ಕಾಕಾ ಆ ಸೈಕಲ್ಲನ್ನು ಹತ್ತಲಿಲ್ಲ. ಎಲ್ಲಿಗೆ ಹೋದರೂ ಮಗ್ಗುಲಲ್ಲಿ ನಡೆಸಿಕೊಂಡು ಹೋಗುವರು, ಹಿಂದೆ ಕೂತವರ ಸಂಗಡ ಮಾತಾಡುವವರ ಹಾಗೆ ತಲೆ ಒಂದಿಷ್ಟು ವಾಲಿಸಿ. "ಮಾಸ್ತರ, ಸೈಕಲ್ಲಿಗೆ ನಡಿಗಿ ಕಲಸಾಕತ್ತೀರೇನು?" ಎಂದು ಚಹಾದಂಗಡಿಯವರು ಚುಡಾಯಿಸಿದರೆ, "ಹೂನೋ, ಇನ್ನೂ ಒಂದನೇ ಕ್ಲಾಸಿನ್ಯಾಗ ಅದ" ಎಂದು ನಕ್ಕು ಮುಂದೆ ಸಾಗುವರು. ಗಂಟೆಗೆ ಮಾತ್ರ ಕಾಕುವಿನ ಸೀರೆಯ ತುಂಡೊಂದನ್ನು ಬಿಗಿದು ಕಟ್ಟಿದ್ದರು.

ಒಂದು ಸಂಜೆ ಕಟ್ಟೆಯ ಮೇಲೆ ನನ್ನನ್ನು ಕೂಡಿಸಿಕೊಂಡು ಹೇಳಿದರು: "ಮುಟ್ಟಿದಾಕೀನ್ನ ನಾ ಕರದು ತಂದೀನಿ, ತಮ್ಮಾ. ಆಕಿ ಒಂದು ಮಾತು ಅಂದಿಲ್ಲ. ಆದ್ರ ಅದು ನ್ಯಾಯ ಅಲ್ಲ. ನಾ ಹೋದ ಮ್ಯಾಲ ಇದ ಸೈಕಲ್ ಮ್ಯಾಲ ಇಬ್ಬರನ್ನೂ ಕೂಡೇ ಒಯ್ದು ಬಿಡು. ಸೈಕಲ್ ಅಲ್ಲೇ ಯಾರಿಗರ ಕೊಡು. ಗಂಟಿ ಮಾತ್ರ ಬಿಚ್ಚಿ ತಾ."

ಗಂಟೆ ಯಾಕೆ ಎಂದೆ.

"ಅಲ್ಲೇ ಬಿಟ್ರ ದಿನಾ ಯಾರರ ಬಾರಸ್ತಾರ. ಆಕಿ ಪಾಪ, ಕಂಡವರ ಕ್ಯಾರಿಯರ್ ಹತ್ತಕೋತ ಇರಬೇಕೇನು?"

ಅವರು ಹೋದದ್ದು ಕೆಲವು ವರ್ಷಗಳ ಮೇಲೆ, ಮಗಳ ಮನೆಯಲ್ಲಿ, ದೇವದುರ್ಗದಲ್ಲಿ. ಅವರ ಅಳಿಯನನ್ನು ಕರೆದುಕೊಂಡು ನಾನು ಮತ್ತೆ ಪ್ರಯಾಗಕ್ಕೆ ಹೋದೆ. ಅದೇ ಗೋಣಿ, ಅದೇ ಸುತಳಿ, ಮುಚ್ಚದೆ ಬಿಟ್ಟ ಕ್ಯಾರಿಯರ್. ಈ ಸಲ ಹೊಳೆಗಳ ಮೇಲೆ ಕರೆದದ್ದು ನಾನು. ಇಬ್ಬರನ್ನೂ ಕರೆದೆ. ಸಂಗಮದಲ್ಲಿ ಅಸ್ಥಿ ಬಿಟ್ಟು ದಂಡೆಗೆ ಬಂದು ಸೈಕಲ್ಲನ್ನು ನಮ್ಮ ದೋಣಿಯವನಿಗೆ ಕೊಟ್ಟೆ. ಗಂಟೆ ಬಿಚ್ಚಿಕೊಂಡದ್ದು ಅವನಿಗೆ ವಿಚಿತ್ರವೆನಿಸಿತು. ಗಂಟೆಗೆ ಸುತ್ತಿದ ಬಟ್ಟೆ ಬಿಚ್ಚದೆ, ಜೇಬಿನಲ್ಲಿ ಹೆಬ್ಬೆರಳು ಒತ್ತಿ ಹಿಡಿದು, ಹಿಂದೆ ನೋಡದೆ ಬಂದೆ. ದೋಣಿಯವನು ಹಗುರವಾಗಿ ಸೈಕಲ್ಲು ಹತ್ತಿ ನನ್ನನ್ನು ದಾಟಿ ಹೋದ. ಕ್ಯಾರಿಯರ್ ಸುಮ್ಮನೆ ಗಡಗಡ ಅನ್ನುತ್ತಿತ್ತು, ಮೇಲೆ ಯಾರೂ ಇಲ್ಲ ಅನ್ನುವ ಹಾಗೆ. ಆಗ ಅತ್ತುಬಿಟ್ಟೆ.

ಅಂದಿನಿಂದ ಆ ಗಂಟೆ ಬಾಯಿ ಬಿಟ್ಟಿರಲಿಲ್ಲ. ಮಾನ್ವಿ ಬಿಟ್ಟು ರಾಯಚೂರಿಗೆ ಬಂದು ಮನೆ ಮಾಡಿದ ಮೇಲೂ ಟ್ರಂಕಿನ ತಳದಲ್ಲೇ ಇತ್ತು. ಮೊನ್ನೆ ಬಾರಿಸಿತು, ಅದೂ ಎರಡು ಸಲ. ಅದಕ್ಕೇ ನಾನು ಗೋಡೆಗೆ ಸರಿದು ನಿಂತದ್ದು. ಬಾಗಿಲ ಹೊರಗೆ ನನ್ನ ಸ್ಕೂಟರ್ ನಿಂತಿತ್ತು. ಅದರ ಹಿಂದಿನ ಸೀಟನ್ನು ನೋಡಿದೆ. ಗಂಟೆ ಕೇಳಿ ಕಾಕು ಎದ್ದು ಬಂದಿದ್ದರೆ ಎಂಥ ಅನ್ಯಾಯ ಎನಿಸಿತು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿ ಮುಂದೆ ಹೋದ.

ಬಹಳ ಹೊತ್ತು ಕಿವಿಗೊಟ್ಟು ನಿಂತೆ.

ಸೀರೆಯ ತುಂಡನ್ನು ಮೊದಲಿನ ಹಾಗೆ ಗಂಟೆಗೆ ಸುತ್ತಿ ಬಿಗಿದೆ. ಇಬ್ಬರೂ ಮುಟ್ಟಿದ್ದಾರೆ, ಇನ್ನು ಯಾರು ಕರೆದರೂ ಬರುವುದಿಲ್ಲ. ಕಾಕಾ ಕೇಳಿದ್ದು ಇದನ್ನೇ, ನಾನು ಸಮಾಧಾನಪಡಬೇಕು. ಆದರೂ ಗಂಟು ಹಾಕುವ ಮುಂಚೆ ಇನ್ನೂ ಒಂದಿಷ್ಟು ಕಾದೆ... ಹ್ಞೂಂ ಎಂದು ಯಾರೂ ಅನ್ನಲಿಲ್ಲ.