ಚಾಚಾ ಕೆಡಿಸಿದ ಗೊಂಬೆ

ಹೋದ ವಾರ ಕಾಲೇಜಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಬ್ಯಾಗಿನಿಂದ ಹೊಸ ಬುಗುರಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಅವರ ತಂಡದ ಥ್ರಿಲ್ಲರ್ ಚಿತ್ರದ ಮೊದಲ ದೃಶ್ಯದಲ್ಲಿ ಅದು ತಾನೇ ತಾನಾಗಿ ತಿರುಗಬೇಕಂತೆ. ಆಗಷ್ಟೇ ಲೇತಿನಿಂದ ಇಳಿದು ಬಂದದ್ದಿರಬೇಕು, ಅರಗಿನ ವಾಸನೆ ಇನ್ನೂ ಆರಿರಲಿಲ್ಲ. ಕಾದ ಅರಗು, ಹಸಿ ಮರದ ಹೊಟ್ಟು... ಅವಳು ಏನೇನೋ ವಿವರಿಸುತ್ತಿದ್ದಳು. ನಾನು ರಾಮನಗರದ ಆ ಸ್ಟಾಫ್ ರೂಮನ್ನು ಬಿಟ್ಟು ಚನ್ನಪಟ್ಟಣದ ನಮ್ಮ ಬೀದಿಗೆ ಹೋಗಿಬಿಟ್ಟಿದ್ದೆ.

ನಮ್ಮ ಮನೆ ಮತ್ತು ಅಪ್ಪನ ರಾಗಿ ಮಿಲ್ಲಿನ ಪಕ್ಕದಲ್ಲೇ ಚಾಚಾ ಅವರ ಗೊಂಬೆ ಕಾರ್ಖಾನೆ ಇತ್ತು. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಹೆಂಚಿನ ಮನೆಯ ಮುಂಭಾಗ, ಎರಡು ಲೇತು, ಗೋಡೆ ತುಂಬ ಹಲಗೆ. ನನಗೆ ಮಾತ್ರವಲ್ಲ, ಅಪ್ಪನಿಗೂ, ಇಡೀ ಬೀದಿಗೂ ಅವರು ಚಾಚಾ. ಗೊಂಬೆ ಮುಗಿಯಿತು ಅನ್ನಿಸಿದಾಗ ಅದನ್ನು ಕಣ್ಣಲ್ಲಿ ನೋಡುವುದು ಬಿಟ್ಟು ತಮ್ಮ ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದರು. ಎಲ್ಲಾದರೂ ಒಂದಿಷ್ಟು ತರಿ ಸಿಕ್ಕರೆ ಮತ್ತೆ ಲೇತಿಗೆ. ಯಾಕೆ ಹೀಗೆ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ.

"ಕೈಗೆ ಜಡ್ಡು ಕಟ್ಟೈತೆ ಬೇಟಾ, ಅದುಕ್ಕೇನೂ ಗೊತ್ತಾಗಕಿಲ್ಲ. ಕೆನ್ನೆ ಸುಳ್ಳು ಹೇಳಕಿಲ್ಲ" ಅಂದಿದ್ದರು. ಸಂಜೆಯ ಹೊತ್ತಿಗೆ ಅವರ ಗಡ್ಡದ ತುಂಬ ಮರದ ಹೊಟ್ಟು.

ನಾನು ಡಿಗ್ರಿಗೆ ಪತ್ರಿಕೋದ್ಯಮ ತೆಗೆದುಕೊಂಡಾಗ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಬಿಕಾಂ ಓದಿ ಮಿಲ್ಲಿನ ಲೆಕ್ಕಾಚಾರಕ್ಕೆ ಕೂರುತ್ತಾಳೆ ಅಂದುಕೊಂಡಿದ್ದ ಅಪ್ಪನಿಗೆ ಮಗಳು ಕ್ಯಾಮೆರಾ, ಸಿನಿಮಾ ಅನ್ನುವುದನ್ನು ಕೇಳಿ ಮೈ ಉರಿಯಿತು. ಅತ್ತು, ಊಟ ಬಿಟ್ಟು, ಕೊನೆಗೆ ಒಂದು ಸೆಮಿಸ್ಟರಿನ ಅವಕಾಶ ಗಿಟ್ಟಿಸಿದೆ. "ಒಂದ್ಸಲ ನೋಡ್ತೀನಿ. ನಿನ್ ತಲೇಲಿ ಏನೈತೆ ಅಂತ ತೋರ್ಸು. ಇಲ್ಲಾಂದ್ರೆ ಸುಮ್ನೆ ಬಿಕಾಂಗೆ ಸೇರ್ಕೊ" ಅಂದರು ಅಪ್ಪ. ಆ ಮಾತು ಗೋಡೆಯಾಚೆ ಚಾಚಾಗೂ ಕೇಳಿತ್ತು. ನಮ್ಮ ಮನೆಯ ಜಗಳಗಳು ಯಾವತ್ತೂ ಗೋಡೆಗೆ ಮರ್ಯಾದೆ ಕೊಟ್ಟವಲ್ಲ.

ತೋರಿಸಲು ಇದ್ದದ್ದು ಒಂದೇ ದಾರಿ, ಸೆಮಿಸ್ಟರಿನ ಪ್ರಾಜೆಕ್ಟು. ಥ್ರಿಲ್ಲರ್ ಚಿತ್ರವೊಂದರ ಮೊದಲ ಎರಡು ನಿಮಿಷ ಮಾತ್ರ ತೆಗೆಯಬೇಕು. ಮೊದಲು ಯೋಜನೆ, ಆಮೇಲೆ ಚಿತ್ರೀಕರಣ, ಕೊನೆಗೆ ತರಗತಿಯ ಮುಂದೆ ಪ್ರದರ್ಶಿಸಿ ಏನು ಸರಿಯಾಯಿತು, ಏನು ಕೆಟ್ಟಿತು ಅಂತ ನಾವೇ ಹೇಳಬೇಕು. ನಮ್ಮದು ಮೂವರ ತಂಡ. ನಾನು ನಿರ್ದೇಶಕಿ. ಒಳ್ಳೆಯ ಫೋನ್ ಇದ್ದ ತಪ್ಪಿಗೆ ಮಂಜ ಕ್ಯಾಮೆರಾಮನ್. ಕಣ್ಣರಳಿಸಲು ಬರುತ್ತಿದ್ದ ಸಲ್ಮಾ ನಾಯಕಿ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಚೌಕ ಎಳೆದು ಒಂದೊಂದು ಶಾಟೂ ಬರೆದೆವು. ಪಾಳುಬಿದ್ದ ಗೊಂಬೆ ಕಾರ್ಖಾನೆಗೆ ಹುಡುಗಿ ಬರುತ್ತಾಳೆ, ಲೇತು ತಾನೇ ತಿರುಗುತ್ತದೆ, ಹಲಗೆಯ ಮೇಲಿಂದ ಮುಖ ಸೀಳಿದ ಗೊಂಬೆಯೊಂದು ಅವಳನ್ನೇ ನೋಡುತ್ತಿರುತ್ತದೆ.

ನೋಡಿದರೆ ಹೆದರುವಂಥ ಗೊಂಬೆ ಮಾಡಿಕೊಡಿ ಎಂದಾಗ ಚಾಚಾ ಮುಖ ನೋಡಬೇಕಿತ್ತು. ಹಾಲಿನವನಿಗೆ ಹಾಲು ಒಡೆಸಿಕೊಡು ಅಂದ ಹಾಗಾಗಿತ್ತು. "ನಮ್ಮಪ್ಪನ ಕಾಲದಿಂದ ಮಕ್ಳು ನಗೋ ಗೊಂಬೇನೇ ಮಾಡಿರೋದು. ಅಳ್ಸೋದು ನಂಗೆ ಬರಾಕಿಲ್ಲ" ಎಂದು ಮೂರು ದಿನ ಸತಾಯಿಸಿ, ನಾಲ್ಕನೆಯ ದಿನ ತಾವೇ ಕರೆದು ಕೊಟ್ಟರು. ಬಾಯಿ ಕೆಳಗೆ ಬಾಗಿತ್ತು, ಕೆನ್ನೆಯಲ್ಲಿ ಉಳಿಯಿಂದ ಎಳೆದ ಆಳವಾದ ಗಾಯ. ಕೊಡುವಾಗ ಗೊಂಬೆಯ ಮುಖವನ್ನು ಅವರು ಆಚೆಗೆ ತಿರುಗಿಸಿ ಹಿಡಿದಿದ್ದರು.

ಶುಕ್ರವಾರ ಅವರ ಲೇತಿಗೆ ರಜೆ, ನಮಗೂ ಮಧ್ಯಾಹ್ನ ಕ್ಲಾಸಿಲ್ಲ. ಎರಡು ಶುಕ್ರವಾರ ಶೂಟಿಂಗ್ ಎಂದು ತೀರ್ಮಾನವಾಯಿತು. ಮೊದಲನೆಯ ದಿನದ ನಗು ಈಗಲೂ ಕಿವಿಯಲ್ಲಿದೆ... ಲೇತು ತಾನೇ ತಿರುಗಬೇಕಲ್ಲ, ನಮಾಜು ಮುಗಿಸಿ ಬಂದ ಚಾಚಾ ಸ್ವಿಚ್ಚು ಹಿಡಿದು ಬಾಗಿಲ ಹಿಂದೆ ಅವಿತು ಕೂತರು. ಸಲ್ಮಾ ಉಸಿರು ಬಿಗಿಹಿಡಿದು ಒಳಗೆ ಕಾಲಿಟ್ಟಳು. ನಿಶ್ಶಬ್ದ. ಬಾಗಿಲ ಹಿಂದಿನಿಂದ ದನಿ ಬಂತು, "ಈಗ ಹಾಕ್ಲಾ ಬೇಟಾ?" ಮಂಜ ನಕ್ಕ ರಭಸಕ್ಕೆ ಫೋನು ಹೊಟ್ಟಿನ ರಾಶಿಗೆ ಬಿತ್ತು. ಎರಡನೆಯ ಸಲ ಎಲ್ಲವೂ ಸರಿಹೋಗುತ್ತಿದ್ದಾಗ ಅವರ ಹೆಂಡತಿ ಚಾಚಿ ತಟ್ಟೆ ತುಂಬ ಚಹಾ ಲೋಟ ಹಿಡಿದು ನೇರ ಫ್ರೇಮಿನೊಳಗೆ ನಡೆದು ಬಂದರು. ಗೊಂಬೆಯ ಸಮೀಪದ ಶಾಟು ಮಾತ್ರ ಅವತ್ತು ಚೆನ್ನಾಗಿ ಬಂತು.

ಮುಂದಿನ ಶುಕ್ರವಾರ ಚಾಚಾ ಮದುವೆಗೆಂದು ಕನಕಪುರಕ್ಕೆ ಹೋಗಿದ್ದರು. ಚಾಚಿ ಬೀಗದ ಕೈ ಕೊಟ್ಟರು. ಹೆಂಚಿನ ನಡುವಿನ ಗಾಜಿನಿಂದ ಬೀಳುವ ಬಿಸಿಲು ಇಳಿಯುವುದರೊಳಗೆ ಮುಗಿಸಬೇಕು ಅಂತ ಓಡಾಡಿ, ಸಲ್ಮಾಳ ಹಿಂದೆ ದೂರದ ಹಲಗೆಯ ಮೇಲೆ ಗೊಂಬೆ ಕಾಣುವ ಕೊನೆಯ ಶಾಟನ್ನೂ ತೆಗೆದೆವು. ನಮ್ಮ ಕಣ್ಣೆಲ್ಲ ಸಲ್ಮಾಳ ಮೇಲೆ. ಭಾನುವಾರ ಮಂಜನ ಅಣ್ಣನ ಕಂಪ್ಯೂಟರಿನಲ್ಲಿ ಎರಡೂ ಶಾಟು ಜೋಡಿಸಿದಾಗ ಮೂವರೂ ಬಾಯಿ ಬಿಟ್ಟುಕೊಂಡು ಕೂತೆವು. ಮೊದಲ ಶಾಟಿನಲ್ಲಿ ಸೀಳಿದ ಮುಖ, ಕೊನೆಯದರಲ್ಲಿ ಅದೇ ಗೊಂಬೆ, ಅದೇ ಜಾಗ, ಗಾಯವೇ ಇಲ್ಲ. ಕೆಂಪು ತುಟಿ ಅಗಲಿಸಿ ನಗುತ್ತಿದೆ!

ಚಾಚಿಗೆ ಫೋನ್ ಮಾಡಿದೆ. "ಬುಧವಾರ ಮರೆತು ಕೆನ್ನೆಗೆ ಉಜ್ಕೊಂಡ್ಬುಟ್ರು, ಚುಚ್ತಂತೆ. ಮಕ್ಳು ಕೈಗೆ ಸಿಕ್ರೆ ಏನ್ ಗತಿ ಅಂತ ಕೂತು ಸರಿ ಮಾಡುದ್ರು. ಯಾಕೆ ಬೇಟಿ, ಬೇಡ್ವಾಗಿತ್ತಾ?" ಅಂದರು. ಮತ್ತೆ ತೆಗೆಯಲು ಸಮಯವಿರಲಿಲ್ಲ, ಮರುದಿನವೇ ಪ್ರದರ್ಶನ. ನನ್ನ ಕಣ್ಣ ಮುಂದೆ ಬಿಕಾಂ ಪುಸ್ತಕಗಳು ಸಾಲಾಗಿ ನಿಂತವು.

ಸೋಮವಾರ ನಮ್ಮ ಎರಡು ನಿಮಿಷ ಓಡಿತು. ಕೊನೆಯ ಶಾಟು ಬಂತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು "ಅಯ್ಯೋ, ಗೊಂಬೆ ನಗ್ತೈತೆ ಕಣ್ರೇ!" ಎಂದು ಕಿರುಚಿದಳು. ಇಡೀ ತರಗತಿ ಹೋ ಅಂದಿತು. ಮೇಡಂ ಆ ಶಾಟನ್ನು ಹಿಂದಕ್ಕೆ ಎಳೆದು ಎರಡು ಸಲ ನೋಡಿದರು. "ಸೀಳಿದ ಮುಖಕ್ಕಿಂತ ಈ ನಗುವೇ ಭಯಂಕರ. ಯಾರ ಐಡಿಯಾ ಇದು?" ಎಂದು ಕೇಳಿದರು.

ಮಂಜ ನನ್ನ ಕಾಲು ತುಳಿದ. "ನಂದೇ ಮೇಡಂ" ಎಂದೆ. ಏನು ಕೆಟ್ಟಿತು ಎಂಬ ಪ್ರಶ್ನೆಗೆ ಹೊರಗಿನ ಆಟೋ ಸದ್ದು ಎಂದು ಹೇಳಿ ಕೈ ತೊಳೆದುಕೊಂಡೆ. ಎಲ್ಲ ತಂಡಗಳಿಗಿಂತ ನಮಗೇ ಹೆಚ್ಚು ಅಂಕ.

ಸಂಜೆ ಮಿಲ್ಲಿನಲ್ಲಿ ಅಪ್ಪ ಅದನ್ನು ಮೂರು ಸಲ ನೋಡಿದರು. ಗೊಂಬೆ ನಕ್ಕದ್ದು ನಿನ್ನ ತಲೆಯಿಂದ ಬಂದದ್ದೇ ಎಂದು ಕೇಳಿದರು. ಹೂಂ ಎಂದೆ. ಎದ್ದು ಆಚೆ ಹೋದರು. ರಾತ್ರಿ ಊಟಕ್ಕೆ ಕೂತಾಗ, "ಓದ್ಕೊ ಹೋಗು, ಅದುನ್ನೇ ಓದ್ಕೊ" ಅಂದರು. ಆ ಖುಷಿಯ ಕುಣಿತದಲ್ಲಿ ಸಂಜೆ ಅಪ್ಪ ಎಲ್ಲಿಗೆ ಹೋಗಿ ಬಂದರೆಂದು ಯಾರು ಕೇಳುತ್ತಾರೆ?

ಮರುದಿನ ಚಾಚಾಗೆ ಚಿತ್ರ ತೋರಿಸಿದೆ. ಫೋನನ್ನು ಮಾರುದ್ದ ದೂರ ಹಿಡಿದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೊಂಬೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸದ್ಯ, ಬದುಕಿದೆ ಅಂದುಕೊಂಡೆ. ಇವತ್ತು ಹೇಳೋಣ, ಹಬ್ಬಕ್ಕೆ ಹೋದಾಗ ಹೇಳೋಣ ಎಂದುಕೊಳ್ಳುತ್ತಲೇ ವರ್ಷಗಳು ಹೋದವು... ಚಾಚಾ ಎರಡು ವರ್ಷದ ಹಿಂದೆ ತೀರಿಕೊಂಡರು.

ಹೋದ ಭಾನುವಾರ ಮನಸ್ಸು ತಡೆಯದೆ ಚಾಚಿಯ ಮನೆಗೆ ಹೋಗಿ, ಆ ನಗುವನ್ನು ನನ್ನದೆಂದು ಹೇಳಿಕೊಂಡಿದ್ದನ್ನು ಒಪ್ಪಿಕೊಂಡೆ. ಚಾಚಿಗೆ ಆಶ್ಚರ್ಯವೇ ಆಗಲಿಲ್ಲ.

"ಅವತ್ತೇ ಗೊತ್ತಿತ್ತು ಬುಡು ಬೇಟಿ. ಸಂಜೆ ನಿಮ್ಮಪ್ಪ ಬಂದು, 'ಚಾಚಾ, ನಿಜ ಹೇಳು, ಗೊಂಬೆ ನಗ್ಸಿದ್ದು ನಮ್ಮುಡ್ಗಿ ತಲೆನಾ?' ಅಂತ ಕೇಳುದ್ರು. ಇವ್ರು, 'ಅವ್ಳುದೇ ಕಣಣ್ಣ. ಅವ್ಳು ಹೇಳುದ್ಲು, ನಾನು ಮಾಡ್ದೆ. ಓದ್ಲಿ ಬುಡು' ಅಂದ್ಬುಟ್ರು. ನಿಂಗೆ ಹೇಳ್ಬಾರ್ದು ಅಂತ ನನ್ ಬಾಯೂ ಕಟ್ಟಾಕುದ್ರು."

ನನಗೆ ಅಳು ಬಂತು. ಚಾಚಿ ನಕ್ಕರು. ಆಮೇಲೆ ನಾನೂ ನಕ್ಕೆ.

ಸೋಮವಾರ ನನ್ನ ತರಗತಿಯ ಮಕ್ಕಳಿಗೆ ಆ ಎರಡು ನಿಮಿಷ ತೋರಿಸಿದೆ. ಅವರೂ ಅದೇ ಜಾಗದಲ್ಲಿ ಕಿರುಚಿದರು. ಯಾರ ಐಡಿಯಾ ಮೇಡಂ ಎಂದು ಕೇಳಿದಾಗ ನನ್ನದಲ್ಲ ಎಂದೆ, ಮೊದಲಿಂದ ಎಲ್ಲವನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಅವ್ರುನ್ನ ಒಂದ್ಸಲ ಕಾಲೇಜಿಗೆ ಕರ್ಕೊಂಡ್ ಬನ್ನಿ ಮೇಡಂ" ಎಂದ.

ಎರಡು ವರ್ಷ ತಡವಾಯಿತು ಕಣೋ ಎಂದೆ.